ಬಾಣಂತಿ ಕೋಣೆಯ ಚಳಿ

ನನ್ನ ಮೊದಲ ಮಗಳು ದಿನ ತುಂಬುವ ಮುಂಚೆಯೇ ತುಮಕೂರಿನ ಆಸ್ಪತ್ರೆಯಲ್ಲಿ ಹುಟ್ಟಿದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧನುರ್ಮಾಸದ ಚಳಿ ಆಗಷ್ಟೇ ಹಿಡಿದುಕೊಂಡಿತ್ತು. ಮಗುವಿನ ಕಾಲು ನನ್ನ ಹೆಬ್ಬೆರಳಿನಷ್ಟಿತ್ತು. ಅಳು ಪಕ್ಕದ ಮಂಚಕ್ಕೂ ಕೇಳಿಸುತ್ತಿರಲಿಲ್ಲ. "ಬೆಚ್ಚಗಿಡಿ, ಚಳಿ ತಾಗಬಾರದು," ಎಂದರು ಡಾಕ್ಟರಮ್ಮ.

ಆ ಮಾತು ನನ್ನ ಯಜಮಾನರ ತಲೆಯೊಳಗೆ ಕೂತುಬಿಟ್ಟಿತು. ಕುಣಿಗಲ್ಲಿನ ನನ್ನ ತವರಿನಲ್ಲಿ ಅಮ್ಮ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ಗುಬ್ಬಿಯ ಅತ್ತೆಮನೆಗೇ ಹೋಗಬೇಕಿತ್ತು. ಅದು ನಾಡಹೆಂಚಿನ ಹಳೇ ಮನೆ. ಗೋಡೆ ಮುಗಿದು ಸೂರು ಶುರುವಾಗುವ ಕಡೆಯೆಲ್ಲ ಕೈ ತೂರುವಷ್ಟು ಸಂದು. ಯಜಮಾನರು ಕೊಬ್ಬರಿ ಮಂಡಿಯ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಆಸ್ಪತ್ರೆಗೆ ಬರುವರು. ಬಂದವರು ಮಗುವಿನ ಮುಖ ಸರಿಯಾಗಿ ನೋಡುತ್ತಲೂ ಇರಲಿಲ್ಲ.

"ಇವತ್ತು ಸೂರಿನ ಸಂದಿಗೆಲ್ಲ ಮಣ್ಣು ಮೆತ್ತಿದೀನಿ. ನಾಳೆ ಒಡೆದ ಹೆಂಚು ಬದಲಾಯಿಸ್ತೀನಿ. ಕಿಟಕಿಗೆ ಗೋಣಿಚೀಲ ಹೊಡೀಬೇಕು."

"ಸ್ವಲ್ಪ ಕೂತ್ಕೊಳ್ರೀ," ಎಂದರೆ ಮಂಚದ ತುದಿಗೆ ಕೂತು, ಮತ್ತೆ ಎದ್ದು, ವಾರ್ಡಿನ ಕಿಟಕಿಯ ಅಗುಳಿ ಅಲುಗಾಡಿಸಿ ನೋಡುವರು. ಅವರನ್ನು ನೋಡುತ್ತ ನೋಡುತ್ತ ನನಗೂ ಅದೇ ಹತ್ತಿತು. ಮಲಗಿದರೆ ಏಳಬೇಕು, ಎದ್ದರೆ ಮಲಗಬೇಕು ಅನ್ನಿಸುತ್ತಿತ್ತು.

ಮನೆಗೆ ಬಂದಾಗ ಕೋಣೆಯ ಗುರುತೇ ಸಿಗಲಿಲ್ಲ. ಕಿಟಕಿಯ ಮೇಲೆ ಎರಡು ಪದರ ಗೋಣಿ. ಬಾಗಿಲ ಸೀಳುಗಳಿಗೆ ಮೈದಾ ಅಂಟಿನಿಂದ ಪೇಪರು. ಬಾಗಿಲಿಗೆ ಅಡ್ಡವಾಗಿ ಹಾಗಲವಾಡಿ ಕಡೆಯಿಂದ ತರಿಸಿದ ಕರೀ ಕಂಬಳಿ. ಹಗಲಲ್ಲೂ ಬುಡ್ಡಿದೀಪ ಬೇಕಾಗಿತ್ತು. ಅತ್ತೆಗೆ ಮಾತ್ರ ಬಹಳ ಸಂತೋಷ. "ಇರುವೆ ನುಗ್ಗೋಕೂ ಜಾಗ ಇಲ್ಲ ಕಣವ್ವ," ಎಂದು ಮಗನನ್ನು ಹೊಗಳಿದರು.

ಕೆಲವು ದಿನ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಹೊರಗೆ ಎದುರುಮನೆಯೂ ಕಾಣದಷ್ಟು ಮಂಜು ಕವಿದಿತ್ತು. ಅತ್ತೆ ಮಡಕೆಯೊಂದರಲ್ಲಿ ನಿಗಿನಿಗಿ ಇದ್ದಿಲ ಕೆಂಡ ತುಂಬಿ ತಂದು ಮಂಚದ ಹತ್ತಿರ ಇಟ್ಟರು. ಕಂಬಳಿ ಎಳೆದು, ಬಾಗಿಲು ಮುಂದೆ ಮಾಡಿ, ಹಿತ್ತಲಿನ ಹಂಡೆಗೆ ಉರಿ ಹಾಕಲು ಹೋದರು. ಯಜಮಾನರು ಮಂಡಿಗೆ ಹೋಗಿದ್ದರು.

ಮೊದಮೊದಲು ಹಿತವಾಗಿತ್ತು. ಆಮೇಲೆ ತಲೆ ಸಿಡಿಯತೊಡಗಿತು. ಬಾಣಂತಿ ನಿತ್ರಾಣ ಇರಬೇಕು ಅಂದುಕೊಂಡೆ. ಮಗುವಿಗೆ ಹಾಲು ಕೊಡಲು ಹೋದರೆ ಬಾಯಿ ತೆರೆಯಲಿಲ್ಲ. ಕೆನ್ನೆ ತಟ್ಟಿದೆ, ಪಾದ ಉಜ್ಜಿದೆ, ಕಣ್ಣು ಬಿಡಲಿಲ್ಲ. ಯಾಕೆ ಎಂದು ತಿಳಿಯದು, ಇಲ್ಲಿ ಇರಬಾರದು ಎಂಬುದಷ್ಟೇ ತಿಳಿದದ್ದು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದೆ. ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು, ಕಂಬಳಿ ಕಿತ್ತೆಸೆದು, ನಡುಮನೆ ದಾಟಿ ಜಗಲಿಯ ಮೇಲೆ ಕುಸಿದು ಕೂತೆ.

ಸದ್ದಿಗೆ ಅತ್ತೆ ಓಡಿ ಬಂದರು. "ಅಯ್ಯೋ, ಹಸಿ ಬಾಣಂತಿ ಮಂಜಿಗೆ ಬಂದು ಕೂತಿದೀಯಲ್ಲೇ! ನಡಿ ಒಳಕ್ಕೆ!"

"ಮಗು ಏಳ್ತಿಲ್ಲ ಅತ್ತೆ," ಎಂದೆ.

ಅವರು ಮಗುವನ್ನು ಕಿತ್ತುಕೊಂಡು ಬೆನ್ನು ತಿಕ್ಕಿದರು, ಮುಖದ ಮೇಲೆ ಊದಿದರು. ಆ ತಣ್ಣನೆಯ ಗಾಳಿಯಲ್ಲಿ ಮಗು ಒಮ್ಮೆ ಬಿಕ್ಕಿ, ಮುಖ ಕಿವಿಚಿ ಅತ್ತಿತು. ಅಷ್ಟು ಜೋರಾಗಿ ಅದು ಅತ್ತದ್ದು ಅದೇ ಮೊದಲು. ಅತ್ತೆಯೂ ಅಲ್ಲೇ ಕೂತು ಅಳತೊಡಗಿದರು.

ಮಧ್ಯಾಹ್ನ ಬಂದು ನೋಡಿದ ನರ್ಸಮ್ಮ, ಗಾಳಿ ಆಡದ ಕೋಣೆಯಲ್ಲಿ ಕೆಂಡ ಇಟ್ಟರೆ ಅದರ ಗಾಳಿಯೇ ವಿಷವಾಗುತ್ತದೆ ಎಂದರು. ಅಷ್ಟರಲ್ಲಿ ಸುದ್ದಿ ಕೇಳಿ ಬಂದಿದ್ದ ಯಜಮಾನರು ನೇರ ಒಳಗೆ ಹೋಗಿ ಕಿಟಕಿಯ ಗೋಣಿ ಹರಿದರು. ಆಮೇಲೆ ಹರಿದದ್ದನ್ನೇ ಕೈಯಲ್ಲಿ ಹಿಡಿದು, ಮತ್ತೆ ಕಟ್ಟಬೇಕೋ ಬೇಡವೋ ತಿಳಿಯದೆ ನಿಂತರು.

"ಅವ್ವ, ಈ ಕಿಟಕಿ ತೆಗೆದಿಟ್ಟಿದ್ದು ನಾನೇ," ಎಂದರು.

ಅತ್ತೆಗೆ ಅರ್ಥವಾಗಲಿಲ್ಲ. "ಯಾವಾಗ್ಲಾ?"

"ತಂಗಿ ಸತ್ತಾಗ. ಗಾಳಿಪಟ ನೋಡೋಕೆ ಅಂತ ತೆಗೆದಿದ್ದೆ. ಮುಚ್ಚೋದ್ನ ಮರ್ತೆ. ಬೆಳಿಗ್ಗೆ ಎದ್ದಾಗ ಅವಳು ತಣ್ಣಗಾಗಿದ್ಲು."

ಅವರಿಗೊಬ್ಬ ತಂಗಿ ಹುಟ್ಟಿ ತೀರಿಕೊಂಡಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆ ಹತ್ತಿರ ಹೋಗಿ ಮಗನ ತೋಳು ಹಿಡಿದುಕೊಂಡರು.

"ಇಷ್ಟು ವರ್ಷ ಇದನ್ನ ಹೊತ್ಕೊಂಡಿದ್ಯೇನ್ಲಾ? ಆ ಕೂಸು ಹುಟ್ಟಿದಾಗ್ಲಿಂದ ಹಾಲೇ ಕುಡೀಲಿಲ್ಲ ಕಣೋ. ಉಳಿಯಲ್ಲ ಅಂತ ಸೂಲಗಿತ್ತಿ ಅವತ್ತೇ ಹೇಳಿದ್ಲು. ಕಿಟಕಿ ರಾತ್ರಿ ನಾನೇ ಮುಚ್ಚಿದ್ದೆ. ಕೇಳೋದಲ್ವೇನೋ ನನ್ನ!"

ಯಜಮಾನರು ಗೋಣಿಯ ತುಂಡನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕೊನೆಗೆ ಅದನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದರು. ನಾನು ಕರೆಯಲು ಹೊರಟಾಗ ಅತ್ತೆ, "ಬುಡು, ಅಳ್ಲಿ," ಎಂದರು.

ಆ ಚಳಿಗಾಲ ಪೂರ್ತಿ ಮಗುವನ್ನು ಮೈಗೆ ಅಂಟಿಸಿಕೊಂಡೇ ಕಾಪಾಡಿದೆವು. ನನಗೆ ಸುಸ್ತಾದರೆ ಅತ್ತೆ ಸೆರಗಿನೊಳಗೆ ಇಟ್ಟುಕೊಳ್ಳುವರು, ಅವರಿಗೆ ಅಡುಗೆ ಕೆಲಸವಾದರೆ ಯಜಮಾನರು ಬನಿಯನ್ನಿನೊಳಗೆ ಸೇರಿಸಿಕೊಂಡು ಜಗಲಿಯ ಬಿಸಿಲಲ್ಲಿ ಓಡಾಡುವರು. ಕೂರಲು ಅವರಿಗೆ ಆಗಲೂ ಆಗುತ್ತಿರಲಿಲ್ಲ. ಆದರೆ ಮಗುವಿಗೆ ಆ ಓಡಾಟವೇ ಇಷ್ಟವಾಗಿತ್ತು. ಅವರು ನಿಂತರೆ ಸಾಕು, ಎಚ್ಚರವಾಗಿ ಅಳುತ್ತಿತ್ತು. ಶಿವರಾತ್ರಿ ಹೊತ್ತಿಗೆ ಅದರ ತೊಡೆಯಲ್ಲಿ ಮಡಿಕೆ ಬಿದ್ದಿತ್ತು.