ಸೋಲುವ ಕಡೆಗೆ ನಿಲ್ಲುವವರು

ಸೋಮವಾರ ಬೆಳಗ್ಗೆ ನಮ್ಮ ಸೋದರಮಾವ ಕೃಷ್ಣಪ್ಪನವರು ಕೈಸನ್ನೆಯಲ್ಲೇ ಕಾಫಿ ಕೇಳಿದರೆಂದರೆ, ಹಿಂದಿನ ದಿನ ಬೈರಕೂರಿನ ಕಬಡ್ಡಿ ತಂಡ ಎಲ್ಲೋ ಸೋತಿದೆಯೆಂದೇ ಅರ್ಥ. ಗೆದ್ದ ದಿನ ಅವರ ಗಂಟಲು ಕೆಡುವುದಿಲ್ಲ. ಗೆಲ್ಲುವವರಿಗೆ ಕೂಗಲು ಊರೇ ಇರುತ್ತದೆ, ಸೋಲುವಾಗ ಊರಿನ ಪಾಲನ್ನೂ ತಾವೊಬ್ಬರೇ ಕೂಗಬೇಕಲ್ಲ! ಟೊಮೆಟೊ ತೋಟಕ್ಕೆ ನೀರು ಬಿಡುವುದನ್ನಾದರೂ ಮರೆತಾರು, ಆಟದ ದಿನವನ್ನು ಮರೆಯರು.

ಇಂಥವರಿಗೆ ಹೋದ ವರ್ಷ ಒಂದು ಧರ್ಮಸಂಕಟ ಬಂತು. ಮಗಳು ಸುಜಾತಳನ್ನು ನಂಗಲಿಗೆ ಕೊಟ್ಟು ಮೂರೇ ತಿಂಗಳು. ಅಷ್ಟರಲ್ಲಿ ನಂಗಲಿಯಲ್ಲೇ, ನಂಗಲಿಯವರ ಮೇಲೆಯೇ ನಮ್ಮವರ ಪಂದ್ಯ. ಅಲ್ಲಿಯ ತಂಡವನ್ನು ಸಾಕಿ ಸಲಹುತ್ತಿದ್ದವರು ಬೀಗರಾದ ವೆಂಕಟಪ್ಪನವರು. ಊಟಕ್ಕೆ ಕರೆದರು, ಜೊತೆಗೆ ನನ್ನನ್ನೂ.

ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ರೀ, ಬೀಗರ ಊರು ಅದು. ನೀವು ಕೂಗಾಡಿ ಬಂದ್ಬಿಡ್ತೀರ, ಆಮೇಲೆ ಆ ಮನೇಲಿ ಮಾತು ಕೇಳೋಳು ನಮ್ಮ ಸುಜಾತ."

"ಬಾಯಿ ಬಿಡಲ್ಲ ಕಣೇ," ಎಂದರು ಮಾವ.

ಬಿಡಲಿಲ್ಲ ಕೂಡ. ಕೋಳಿಸಾರು, ಮುದ್ದೆ ಮುಗಿಸಿ ಬಯಲಿಗೆ ಹೋದಾಗ ಬೀಗರು ನಂಗಲಿಯವರ ಕಡೆಯೇ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಹೆಗಲಿಗೆ ಹೊಸ ಟವೆಲು ಹೊದಿಸಿ ಕೂರಿಸಿದರು. ನಮ್ಮವರು ಒಬ್ಬೊಬ್ಬರಾಗಿ ಔಟಾಗುತ್ತಿದ್ದರೆ ಮಾವ ಟವೆಲಿನ ಅಂಚನ್ನು ಹಿಂಡುತ್ತಿದ್ದರು. ಕೊನೆಗೆ ಅಂಕಣದಲ್ಲಿ ಉಳಿದವನು ಬಡಕಲು ಮುನಿರಾಜ ಒಬ್ಬನೇ. ಆಚೆ ಬದಿಯಲ್ಲಿ ಅವನಿಗಾಗಿ ನಿಂತಿದ್ದ ನಮ್ಮೂರಿನವರು ನಾಲ್ಕೇ ಜನ, ಅವರೂ ಬಾಯಿ ಸತ್ತು ನಿಂತಿದ್ದರು.

ಮಾವ ಎದ್ದು ಕೈ ಮುಗಿದರು. "ತಪ್ಪು ತಿಳ್ಕೋಬೇಡಿ ಬೀಗರೇ. ಅಲ್ಲೊಬ್ಬ ಒಂಟಿಯಾಗ್ಬಿಟ್ಟವ್ನೆ." ಅಷ್ಟೇ. ಬಯಲನ್ನು ಬಳಸಿ ಆಚೆಗೆ ನಡೆದೇಬಿಟ್ಟರು.

"ಏಮಪ್ಪಾ, ತಿನೇದಿ ಈಡ, ಅರಿಚೇದಿ ಆಡಾ?" ಉಣ್ಣೋದು ಇಲ್ಲಿ, ಕೂಗೋದು ಅಲ್ಲಾ ಎಂದು ಯಾರೋ ತೆಲುಗಿನಲ್ಲಿ ಛೇಡಿಸಿದರು. ಜನ ನಕ್ಕರು. ವೆಂಕಟಪ್ಪನವರು ನಗಲಿಲ್ಲ.

ಅಭಿಮಾನ ಎಂಬುದನ್ನು ನಾವು ಗೆಲುವಿನ ಪಟಾಕಿಯಲ್ಲಿ ಹುಡುಕುತ್ತೇವೆ, ಅಲ್ಲವೇ ಗೆಳೆಯರೇ? ಗೆದ್ದಾಗ ಬರುವವರು ನೆಂಟರು, ಬಂದು ಉಂಡು ಹರಸಿ ಹೋಗುತ್ತಾರೆ. ಸೋಲು ಖಚಿತವಾದ ಮೇಲೂ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುವವರು ಮನೆಯವರು. ಮಾವ ಕೂಗಿದ್ದರಿಂದ ಮುನಿರಾಜನ ತೋಳಿಗೇನೂ ಬಲ ಬರಲಿಲ್ಲ. ಆದರೆ ಅವನು ಒಮ್ಮೆ ತಿರುಗಿ ನೋಡಿದ, ತೊಡೆ ತಟ್ಟಿದ, ಎದುರಾಳಿಗಳ ಗುಂಪಿಗೆ ನುಗ್ಗಿದ. ಆಗಲೇ ಹೆಂಗಸರು ಕೂತಿದ್ದ ಕಡೆಯಿಂದ ಇನ್ನೊಂದು ದನಿ ಕೇಳಿಬಂತು: "ಮುನಿರಾಜಣ್ಣಾ, ಬಿಡಬೇಡ!" ನೋಡಿದರೆ ನಮ್ಮ ಸುಜಾತ, ತನ್ನ ಅತ್ತೆಯ ಪಕ್ಕದಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ!

ಮುನಿರಾಜ ಸಿಕ್ಕಿಬಿದ್ದ. ನಾವು ಸೋತೆವು.

ಬಸ್ಸಿಗೆ ಕಳಿಸಲು ಬಂದ ವೆಂಕಟಪ್ಪನವರು ದಾರಿಯುದ್ದಕ್ಕೂ ಮುಖ ಆಚೆ ತಿರುಗಿಸಿಕೊಂಡೇ ನಡೆದರು. ಮಗಳಿಗೆ ಕೇಡು ತಂದೆನೆಂದು ಮಾವ ತಲೆ ತಗ್ಗಿಸಿದ್ದರು. ಬಸ್ಸು ಬಂದು ನಿಂತಾಗ ಬೀಗರು ಅವರ ತೋಳು ಹಿಡಿದುಕೊಂಡರು.

"ಮುಂದಿನ ಸಲ ನಿಮ್ಮ ಕುರ್ಚೀನ ಆ ಕಡೆಗೇ ಹಾಕಿಸ್ತೀನಿ ಬೀಗರೇ," ಎಂದರು. ಅಲ್ಲಿಯವರೆಗೆ ತಡೆದಿದ್ದ ನಗು ಮೀಸೆಯಡಿಯಿಂದ ಹೊರಬಂತು. "ಒಂದಲ್ಲ, ಎರಡು. ನಮ್ಮ ಸೊಸೆ ಪಾಪ, ಆಟ ಮುಗಿಯೋವರೆಗೂ ನಿಂತೇ ಇದ್ಳು."