ಮೊಳೆಗೆ ನೇತುಬಿದ್ದ ಗಾರ್ಡು

ಅಂತೋನಿಗೆ ಏಳು ವಾರದ ಪಗಾರ ಬರಬೇಕು. ಕೊಡಬೇಕಾದವನು ಗೂಳಪ್ಪ. ಹಳಿಯಾಳದ ಹೊರಗೆ ಮಂಚ, ಬಾಗಿಲು ಮಾಡಿಸಿ ಮಾರುವ ಮಾಲೀಕ. ಕೆಲಸ ಬಿಟ್ಟರೆ ಆ ದುಡ್ಡು ಮುಳುಗಿದಂತೆ. ಹಾಗಾಗಿ ಅಂತೋನಿ ದಿನಾ ಎಂಟಕ್ಕೆ ಹೋಗಿ ಗರಗಸದ ಯಂತ್ರದ ಮುಂದೆ ನಿಲ್ಲುತ್ತಾನೆ.

ಸಿದ್ದಿಗಳ ಮನೆಯ ಈ ಮನುಷ್ಯ ಇಪ್ಪತ್ತೆರಡು ವರ್ಷ ಕಟ್ಟಿಗೆ ಕೊಯ್ದಿದ್ದಾನೆ. ಹತ್ತೂ ಬೆರಳು ಇವೆ. ಸುಮ್ಮನೆ ಉಳಿದಿಲ್ಲ. ಉದ್ದ ತೋಳಿನ ಅಂಗಿ ಹಾಕುವುದಿಲ್ಲ, ಕೈಗವಸು ತೊಡುವುದಿಲ್ಲ. ತಿರುಗುವ ಹಲ್ಲಿಗೆ ಬಟ್ಟೆಯ ಚುಂಗು ಸಿಕ್ಕರೆ ಅದರ ಹಿಂದೆ ಕೈಯೂ ಹೋಗುತ್ತದೆ. ತುಂಡಿನ ಕೊನೆಯ ಗೇಣನ್ನು ಕೋಲಿನಿಂದಲೇ ದೂಡುತ್ತಾನೆ. ಚಕ್ಕೆ ಸಿಕ್ಕಿಕೊಂಡರೆ ಯಂತ್ರ ಬಂದ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಮುಟ್ಟುತ್ತಾನೆ.

ಕಳೆದ ದಸರೆಯಲ್ಲಿ ಖಂಡೇಪೂಜೆಯ ದಿನ ಹಲ್ಲುಚಕ್ರಕ್ಕೆ ಅರಿಶಿನದ ಭಂಡಾರ ಹಚ್ಚಬೇಕೆಂದು, ಕೈ ತಾಗದಂತೆ ಅದರ ಮೇಲೆ ಕೂರಿಸಿದ್ದ ತಗಡಿನ ಗಾರ್ಡು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದರು. ಬಿಚ್ಚಿದವನು ಅಂತೋನಿಯೇ. ಇಗರ್ಜಿಗೆ ಹೋಗುವವನಾದರೂ ಯಂತ್ರದ ಮುಂದೆ ಕಾಯಿ ಒಡೆಯುವವನು ಅವನೇ. ಮರುದಿನ ಪಾನಾ ಹಿಡಿದು ಗಾರ್ಡು ಕೂರಿಸಲು ಹೋದರೆ ಗೂಳಪ್ಪ ತಡೆದ.

“ಪೂಜಿ ಆದ ಮ್ಯಾಲ ದೇವರ ಮಾರಿ ಮುಚ್ಚತಿಯೇನೋ? ಐದ ದಿನಾ ಹಂಗ ಇರಲಿ.”

ಆ ಐದು ದಿನ ಗಾರ್ಡಿನ ಅಡ್ಡಿಯಿಲ್ಲದೆ ಸಣ್ಣ ತುಂಡುಗಳು ಸಲೀಸಾಗಿ ಹೋದವು, ಮಂಚದ ಕಾಲುಗಳ ರಾಶಿ ದೊಡ್ಡದಾಯಿತು. ಆರನೆಯ ದಿನ ಗೂಳಪ್ಪ ದೇವರ ಸುದ್ದಿ ಎತ್ತಲಿಲ್ಲ, ಗಾರ್ಡಿನ ಸುದ್ದಿಯನ್ನೂ ಎತ್ತಲಿಲ್ಲ.

ಯಂತ್ರದ ಆಚೆ ಬದಿ ನಿಂತು ಕೊಯ್ದ ತುಂಡು ಎಳೆದುಕೊಳ್ಳುವವಳು ಸುವರ್ಣಾ. ಅವಳಿಗೆ ಕೋಲಿಲ್ಲ, ಬರಿಗೈಯೇ. ಕೆಲಸದ ಹೊತ್ತಿಗಾದರೂ ಬಳೆ ತೆಗೆದಿಡು ಎಂದು ಅಂತೋನಿ ಎಷ್ಟೋ ಸಲ ಹೇಳಿದ್ದ. ಮದಲ ನಿನ್ನ ಹೆಂಡ್ತಿ ಬಳಿ ತೆಗಸು, ಆಮ್ಯಾಲ ನನಗ ಹೇಳು ಎಂದು ನಗುತ್ತಿದ್ದಳು. ಕಾರ್ತಿಕದಲ್ಲಿ ಒಂದು ದಿನ ಗಂಟಿದ್ದ ತುಂಡು ಗರಗಸದಲ್ಲಿ ಗಕ್ಕನೆ ತಿರುಗಿತು. ಅವಳ ಎಡಗೈಯ ಮೂರು ಬಳೆ ಪುಡಿಯಾದವು, ಎರಡು ಬೆರಳಿನ ಚರ್ಮ ಸುಲಿಯಿತು. ಬೆರಳು ಉಳಿದದ್ದು ಕೂದಲೆಳೆಯ ಅಂತರದಲ್ಲಿ.

ಅಂತೋನಿ ಯಂತ್ರ ಬಂದ್ ಮಾಡಿದ. ಗಾರ್ಡು ಕೂರುವ ತನಕ ಮತ್ತೆ ಬಟನ್ ಒತ್ತುವುದಿಲ್ಲ ಎಂದ.

“ಒತ್ತಬ್ಯಾಡ,” ಎಂದ ಗೂಳಪ್ಪ. “ಮನಿಗಿ ಹೋಗು. ಪಗಾರ ಯುಗಾದಿಗೆ ನೋಡೂಣು.”

ಅಂತೋನಿ ಹೊರಗೆ ಹೊಟ್ಟಿನ ರಾಶಿಯ ಮೇಲೆ ಕೂತ. ಉಳಿದ ಕೂಲಿಯವರು ಯಾರೂ ಹೊರಗೆ ಬರಲಿಲ್ಲ. ಅವರ ಪಗಾರವೂ ಗೂಳಪ್ಪನ ಅದೇ ಗಲ್ಲಾಪೆಟ್ಟಿಗೆಯಲ್ಲಿತ್ತು. ಮಧ್ಯಾಹ್ನ ಸುವರ್ಣಾ ಕೈಗೆ ಅರಿವೆ ಸುತ್ತಿಕೊಂಡು ಬಂದಳು.

“ಅಣ್ಣಾ, ನೀ ಏಳದಿದ್ರ ಮಾಲಕ ತಾನ ಕಟಗಿ ದೂಡಾಕ ನಿಂದರತಾನಂತ. ಅಂವಗ ಕೋಲು ಹಿಡಿಯೂದ ಗೊತ್ತಿಲ್ಲ. ಈ ಕಡೆ ಇರೂದು ನನ್ನ ಕೈ.”

ನೀನೂ ಹೊರಗೆ ಬಾ ಎನ್ನಲು ಅಂತೋನಿಗೆ ಬಾಯಿ ಬರಲಿಲ್ಲ. ಅವಳ ಮನೆಯ ಒಲೆ ಯಾವುದರಿಂದ ಉರಿಯುತ್ತದೆಂದು ಅವನಿಗೆ ಗೊತ್ತು. ಪ್ಯಾಂಟಿನ ಹೊಟ್ಟು ಜಾಡಿಸಿ ಎದ್ದ, ಒಳಗೆ ಹೋದ, ಬಟನ್ ಒತ್ತಿದ.

ಇವತ್ತಿಗೂ ಒತ್ತುತ್ತಾನೆ. ಗಾರ್ಡು ಗೋಡೆಯಲ್ಲೇ ಇದೆ.

ಗೂಳಪ್ಪ ಕೂಲಿಯವರಿಗೆ ಅಂಜುವುದಿಲ್ಲ, ಗಿರಾಕಿಗೆ ಅಂಜುತ್ತಾನೆ. ಗಿರಾಕಿ ಎಂದರೆ ನೀವು. ಮದುವೆಗೆ ಮಂಚ ಹೇಳಲು ಹೋದಾಗ ನಿಮಗೆ ಕುರ್ಚಿ ಹಾಕಿ ಚಹಾ ತರಿಸುತ್ತಾನೆ. ಕೂರಬೇಡಿ. ಯಂತ್ರ ಇರುವಲ್ಲಿಗೆ ನಡೆಯಿರಿ. ಚಕ್ರದ ಮೇಲೆ ಗಾರ್ಡು ಇಲ್ಲದಿದ್ದರೆ ಒಂದು ರೂಪಾಯಿ ಮುಂಗಡ ಕೊಡಬೇಡಿ, ನಿಮ್ಮ ಕಣ್ಣೆದುರು ಅದನ್ನು ಕೂರಿಸುವವರೆಗೆ ಅಲ್ಲಿಂದ ಕದಲಬೇಡಿ.