ಹಳದಿ ಪಟ್ಟಿಯ ಇಲಿಗಳು

ಕಂಠಪ್ಪನಿಗೆ ಇಲಿ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಹೊಗೆಸೊಪ್ಪಿನ ದೆಸೆಯಿಂದ. ಗಾವಡಗೆರೆ ಸುತ್ತಮುತ್ತ ಸೊಪ್ಪನ್ನು ತೂಗುಹಾಕಿ ಶಾಖದಲ್ಲಿ ಬೇಯಿಸುವ ಬ್ಯಾರನ್‌ಗಳಲ್ಲಿ ಹದಿನೆಂಟು ವರ್ಷ ಶಾಖ ಕಾದವನು ಅವನು. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ ವಾರದ ದುಡಿಮೆಯೇ ಕಪ್ಪಾಗಿ ಹೋಗುತ್ತದೆ. ಥರ್ಮಾಮೀಟರಿನ ಮುಂದೆ ಕೂತರೆ ಬೀಡಿ ಸೇದಲೂ ಏಳುವುದಿಲ್ಲ ಎಂದು ಸುತ್ತಲಿನವರೆಲ್ಲ ಅವನನ್ನು ನಂಬಿದ್ದರು. ಎದೆಯಲ್ಲಿ ಕೆಮ್ಮು ಕಟ್ಟಿಕೊಂಡು ಆ ಕೆಲಸ ಆಗದೆ ಹೋದಾಗ, 2005ರಲ್ಲಿ, ಅವನ ಹೆಂಡತಿ ರುಕ್ಮಿಣಮ್ಮನ ತಮ್ಮ ಸುನೀಲ್‌ಕುಮಾರ್ ತಾನು ವ್ಯಾನ್ ಓಡಿಸುತ್ತಿದ್ದ ಮೈಸೂರಿನ ಒಂದು ಸಣ್ಣ ಔಷಧ ಪ್ರಯೋಗಶಾಲೆಗೆ ಅವನನ್ನು ಸೇರಿಸಿದ. ಗಂಡ ಹೆಂಡತಿ ಊರು ಬಿಟ್ಟು ಹುಣಸೂರಿನಲ್ಲಿ ಬಾಡಿಗೆ ಮನೆ ಹಿಡಿದರು. ದಿನಾ ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಪಂಜರ ತೊಳೆಯುವುದು, ಮೇವು ನೀರು ಇಡುವುದು, ಸತ್ತದ್ದನ್ನು ಬರೆದುಕೊಂಡು ಚೀಲಕ್ಕೆ ಹಾಕುವುದು ಅವನ ಕೆಲಸ.

ಮಕ್ಕಳಿಲ್ಲವೇ ಎಂದು ಯಾರಾದರೂ ಕೇಳಿದರೆ, "ಒಂದಿತ್ತು, ಓಯ್ತು" ಎನ್ನುತ್ತಿದ್ದ. ಮಗಳ ಹೆಸರು ರಾಣಿ. ಹುಟ್ಟಿದ್ದು 1992ರಲ್ಲಿ. ಏಳು ತಿಂಗಳ ಕೂಸಿಗೆ ಜ್ವರ ಬಂದ ದಿನ ಮೊದಲ ಸಲ ಫಿಟ್ಸ್ ಬಂತು. ಬಲಗೈ ಬಲಗಾಲು ಮುಕ್ಕಾಲು ಗಂಟೆ ಎಳೆದವು. ಆಮೇಲೆ ಜ್ವರ ಬಂದಾಗಲೆಲ್ಲ ಬರತೊಡಗಿತು. ತಲೆಗೆ ಬಿಸಿನೀರು ಹುಯ್ದರೂ ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಬಿಳಿ ಮಾತ್ರೆ ಬರೆದುಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಿ ಎಂದರು. ಕಂಠಪ್ಪ ತಪ್ಪಿಸಲಿಲ್ಲ. ಬ್ಯಾರನ್ನಿನ ಶಾಖ ಕಾದ ಹಾಗೆಯೇ ಮಾತ್ರೆಯ ಹೊತ್ತನ್ನೂ ಕಾದ.

"ಈ ಮಾತ್ರೆ ಸುರು ಮಾಡ್ದಾಗಿಂದ ಜಾಸ್ತಿ ಆಗದೆ ಕಣ್ರೀ" ಎಂದು ರುಕ್ಮಿಣಮ್ಮ ಹೇಳಿದ್ದಳು. "ಮೊದ್ಲು ಜ್ವರ ಬಂದ್ರೆ ಮಾತ್ರ ಬತ್ತಿತ್ತು. ಈಗ ಸುಮ್ಕೆ ಕುಂತಿದ್ರೂ ಬತ್ತದೆ."

"ಡಾಕ್ಟ್ರಿಗಿಂತ ನಿಂಗೊತ್ತಾ? ಬಾಯ್ಮುಚ್ಕಂಡು ಕೊಡು."

ಫಿಟ್ಸ್ ಹೆಚ್ಚಾಗಿದೆ ಎಂದಷ್ಟೇ ಅವನು ಡಾಕ್ಟರಿಗೆ ಹೇಳಿದ. ಹೆಂಡತಿಗೆ ಮಾತ್ರೆಯ ಮೇಲೇ ಅನುಮಾನ ಇದೆ ಎಂಬುದನ್ನು ಹೇಳಲಿಲ್ಲ. ಹಳ್ಳಿ ಹೆಂಗಸಿನ ಮಾತು ಹೇಳಿ ನಗೆಪಾಟಲಾಗುವುದೇಕೆ ಎನಿಸಿತ್ತು. ಡಾಕ್ಟರು ಒಂದು ಮಾತ್ರೆಯನ್ನು ಎರಡು ಮಾಡಿದರು.

1996ರ ಮಳೆಗಾಲದಲ್ಲಿ ಹನ್ನೊಂದು ದಿನ ಮಗುವಿಗೆ ಒಂದೇ ಒಂದು ಸಲ ಫಿಟ್ಸ್ ಬಂತು. ಮಾತ್ರೆ ಹತ್ತುತ್ತಿದೆ ಎಂದು ಕಂಠಪ್ಪ ಹಿಗ್ಗಿದ. ಹನ್ನೆರಡನೆಯ ದಿನ ಹುರಳಿಕಾಳಿನ ಡಬ್ಬದಲ್ಲಿ ಕೈಯಾಡಿಸಿದಾಗ ಆ ಹನ್ನೊಂದು ದಿನದ ಮಾತ್ರೆಗಳೂ ಸಿಕ್ಕವು. ಅವನು ರುಕ್ಮಿಣಮ್ಮನ ಕೆನ್ನೆಗೆ ಬಾರಿಸಿದ. ಮದುವೆಯಾದ ಮೇಲೆ ಅವನು ಹೊಡೆದದ್ದು ಅದೊಂದೇ ಸಲ. ನಾಲ್ಕು ವರ್ಷದ ರಾಣಿ ಬಾಗಿಲ ಹತ್ತಿರ ನಿಂತು ನೋಡುತ್ತಿತ್ತು. ಅಂದಿನಿಂದ ಅವನು ತನ್ನ ಕಣ್ಣೆದುರಿಗೇ ನುಂಗಿಸುವಂತೆ ಮಾಡಿದ.

1999ರ ಸಂಕ್ರಾಂತಿ ಕಳೆದ ನಾಲ್ಕನೇ ದಿನ ಬೆಳಗ್ಗೆ ಮಗು ಏಳಲಿಲ್ಲ. ಕೌದಿಯೊಳಗೆ ಬೋರಲು ಮಲಗಿದ ಹಾಗೇ ತಣ್ಣಗಾಗಿತ್ತು. ಅಲ್ಲಿಂದ ಮುಂದೆ ಗಂಡ ಹೆಂಡತಿ ಆ ಹೆಸರನ್ನು ಬಾಯಿಗೆ ತರಲಿಲ್ಲ.

2008ರಲ್ಲಿ ಪ್ರಯೋಗಶಾಲೆಗೆ ಹೊಸ ಇಲಿಗಳು ಬಂದವು. ನೋಡಲು ಉಳಿದ ಬಿಳಿ ಇಲಿಗಳ ಹಾಗೇ ಇದ್ದರೂ ಮೆದುಳಿಗೆ ಸಂಬಂಧಿಸಿದ ಒಂದು ಜೀನು ಹುಟ್ಟಿನಿಂದಲೇ ಕೆಟ್ಟಿದ್ದ ತಳಿ ಅದು. ಮೈ ಬಿಸಿಯಾದರೆ ಸಾಕು, ಫಿಟ್ಸ್ ಬರುತ್ತಿತ್ತು. ಇಂಥದೇ ಕಾಯಿಲೆಯ ಮಕ್ಕಳಿಗೆ ಯಾವ ಔಷಧ ಒಳ್ಳೆಯದು ಎಂದು ತಿಳಿಯಲು ಮೂರು ಔಷಧಗಳನ್ನು ಪರೀಕ್ಷಿಸಬೇಕಿತ್ತು. ಆ ಕೆಲಸದ ಹೊಣೆ ಸಾಲಿಗ್ರಾಮದ ಕಡೆಯ ಪ್ರಮೀಳಾ ಎಂಬ ಸಂಶೋಧಕಿಯದು. ಕಂಠಪ್ಪನ ಹಳೇ ಕಸುಬು ತಿಳಿದು ಆಕೆಯೇ ಅವನನ್ನು ಕೇಳಿಕೊಂಡಳು.

ಇಲಿಗೆ ಔಷಧ ಕುಡಿಸಿ, ಒಂದು ಗಂಟೆ ಬಿಟ್ಟು ಗಾಜಿನ ಜಾಡಿಯಲ್ಲಿ ಕೂರಿಸಿ, ಮೇಲಿನಿಂದ ದೀಪದ ಶಾಖ ಕೊಡಬೇಕು. ಎರಡೆರಡು ನಿಮಿಷಕ್ಕೆ ಅರ್ಧರ್ಧ ಡಿಗ್ರಿ ಏರಿಸುತ್ತ, ಎಷ್ಟು ಬಿಸಿಗೆ ಫಿಟ್ಸ್ ಬಂತೆಂದು ಬರೆಯಬೇಕು. ಬಂದ ಕೂಡಲೇ ತಣ್ಣನೆಯ ತಟ್ಟೆಯ ಮೇಲೆ ಮಲಗಿಸಬೇಕು. ಬಾಟಲಿಗಳ ಮೇಲೆ ಔಷಧದ ಹೆಸರಿರಲಿಲ್ಲ, ಕೆಂಪು, ಹಸಿರು, ಹಳದಿ ಪಟ್ಟಿ ಅಂಟಿಸಿದ್ದರು. ಯಾವುದು ಏನೆಂದು ನೋಡುವವನಿಗೆ ಗೊತ್ತಿರಬಾರದು ಎಂಬುದು ನಿಯಮ.

ಮೊದಲ ಇಲಿಯ ಮುಂಗಾಲು ಎಳೆದದ್ದನ್ನು ನೋಡಿ ಕಂಠಪ್ಪ ಗೋಡೆಗೆ ಕೈಕೊಟ್ಟು ನಿಂತುಕೊಂಡ.

ಎರಡನೇ ವಾರದ ಹೊತ್ತಿಗೆ ಅವನಿಗೆ ಒಂದು ವಿಷಯ ಕಂಡಿತು. ಹಸಿರು ಪಟ್ಟಿಯವು ಹೆಚ್ಚು ಶಾಖ ತಡೆಯುತ್ತಿದ್ದವು. ಹಳದಿ ಪಟ್ಟಿಯವಕ್ಕೆ, ಹೋಲಿಸಿ ನೋಡಲೆಂದು ಔಷಧ ಕೊಡದೆ ಬಿಟ್ಟಿದ್ದ ಇಲಿಗಳಿಗಿಂತ ಮೊದಲೇ ಬರುತ್ತಿತ್ತು, ಪಂಜರದಲ್ಲಿ ಸುಮ್ಮನೆ ಇದ್ದಾಗಲೂ ಬರುತ್ತಿತ್ತು. ಒಂದು ಬೆಳಗ್ಗೆ ಎರಡು ಸತ್ತು ಬಿದ್ದಿದ್ದವು. ಅಂದಿನಿಂದ ಅವನು ಹಳದಿ ಬಾಟಲಿಯ ಔಷಧವನ್ನು ತೊಟ್ಟಿಗೆ ಚೆಲ್ಲಿ ಬರೀ ನೀರು ಕುಡಿಸತೊಡಗಿದ. ಪುಸ್ತಕದಲ್ಲಿ ಮಾತ್ರ ಔಷಧ ಕೊಟ್ಟಿದೆ ಎಂದೇ ಬರೆದ.

ಐದು ದಿನಕ್ಕೆ ಪ್ರಮೀಳಾ ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು. "ಕಂಠಪ್ಪ, ಹಳದಿಯವು ಇದ್ದಕ್ಕಿದ್ದಂಗೆ ಯಾಕೆ ಸರಿಹೋದ್ವು?"

ಅವನಿಗೆ ಸುಳ್ಳು ಹೇಳಲಾಗಲಿಲ್ಲ. "ಔಷ್ದ ಚೆಲ್ಬುಟ್ಟೆ ಮೇಡಂ. ನೋಡಕ್ಕಾಗ್ಲಿಲ್ಲ."

ಪ್ರಮೀಳಾ ಸಿಟ್ಟಾದಳು. ಮೂರು ವಾರದ ಕೆಲಸ ಹಾಳಾಯಿತು, ಮತ್ತೆ ಮೊದಲಿನಿಂದ ಇನ್ನಷ್ಟು ಇಲಿಗಳಿಗೆ ಶಾಖ ಕೊಡಬೇಕಾಯಿತು ಎಂದಳು. "ನೀವು ಕನಿಕರ ಪಟ್ಟಿದ್ದಕ್ಕೆ ಇನ್ನೂ ಇಪ್ಪತ್ತು ಇಲಿ ಒದ್ದಾಡ್ಬೇಕು. ಹಳದಿ ಕೆಟ್ಟದ್ದು ಅಂತ ಗೊತ್ತಾದ್ರೇನೇ ಮಕ್ಕಳಿಗೆ ಕೊಡೋದು ನಿಲ್ಲೋದು, ತಿಳೀತಾ?" ಕೆಲಸದಿಂದ ತೆಗೆಯಲಿಲ್ಲ. ಆ ಇಪ್ಪತ್ತಕ್ಕೂ ಅವನೇ ಕುಡಿಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

ಪ್ರಯೋಗ ಮುಗಿದು ಪಟ್ಟಿಗಳ ಗುಟ್ಟು ಬಿಚ್ಚಿದ ದಿನ ಪ್ರಮೀಳಾ ಹಳದಿಯ ಹೆಸರು ಹೇಳಿದಳು. ಆ ಹೆಸರನ್ನು ಕಂಠಪ್ಪ ಐದು ವರ್ಷ ಹುಣಸೂರಿನ ಔಷಧದಂಗಡಿಯಲ್ಲಿ ಚೀಟಿ ತೋರಿಸಿ ಕೇಳಿದ್ದ. ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ರಾಣಿಯ ವಿಷಯವನ್ನೆಲ್ಲ ಹೇಳಿದ. ಹುರಳಿಕಾಳಿನ ಡಬ್ಬ, ಕೆನ್ನೆಗೆ ಹೊಡೆದದ್ದು, ಯಾವುದನ್ನೂ ಬಿಡಲಿಲ್ಲ.

ಪ್ರಮೀಳಾ ಜ್ವರದ ಬಗ್ಗೆ, ಬಿಸಿನೀರಿನ ಬಗ್ಗೆ, ಮೊದಲ ಸಲ ಎಷ್ಟು ಹೊತ್ತು ಎಳೆಯಿತೆಂಬುದರ ಬಗ್ಗೆ ಕೇಳಿದಳು. "ಇದೇ ಕಾಯಿಲೆ ಇದ್ದಿರ್ಬೋದು" ಎಂದಳು ಮೆಲ್ಲಗೆ. "ರಕ್ತ ಪರೀಕ್ಷೆ ಮಾಡ್ದೆ ಖಾತ್ರಿಯಾಗಿ ಹೇಳಕ್ಕಾಗಲ್ಲ. ಜೀವ ಹೋಗಿದ್ದು ಮಾತ್ರೆಯಿಂದ್ಲೇ ಅಂತ್ಲೂ ಯಾರೂ ಹೇಳಕ್ಕಾಗಲ್ಲ. ಬೇರೆ ಥರದ ಫಿಟ್ಸ್‌ಗೆ ಇದು ಒಳ್ಳೇ ಮಾತ್ರೆ ಕಣ್ರೀ, ಸಾವಿರಾರು ಜನ ಇದ್ರಿಂದ ಬದುಕವ್ರೆ. ಈ ಕಾಯಿಲೇಲಿ ಮೆದುಳಿನ ಬ್ರೇಕು ಮೊದ್ಲೇ ಸವೆದಿರ್ತದೆ, ಈ ಮಾತ್ರೆ ಉಳಿದಿದ್ದನ್ನೂ ಸಡ್ಲ ಮಾಡ್ತದೆ. ನಿಮ್ಮ ಡಾಕ್ಟ್ರಿಗೆ ಆಗ ಅದು ಹೆಂಗೆ ಗೊತ್ತಾಗ್ಬೇಕು?"

"ಡಾಕ್ಟ್ರಿಗೆ ಗೊತ್ತಿರ್ಲಿಲ್ಲ ಮೇಡಂ. ನನ್ನೆಂಡ್ತಿಗೆ ಗೊತ್ತಿತ್ತು."

ಹಸಿರು ಬಾಟಲಿಯದು ಹೊಸ ಔಷಧವೇ ಎಂದು ಅವನು ಕೇಳಿದ. ಅಲ್ಲ, ಹಳೆಯದು, ಆಗಲೂ ಸಿಗುತ್ತಿತ್ತು ಎಂದಳು ಪ್ರಮೀಳಾ. ಅದನ್ನು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ದಿನ ಅನಿಸುತ್ತಿತ್ತು.

ಮನೆಯಲ್ಲಿ ಹೇಳಲು ಅವನಿಗೆ ಹದಿನೈದು ದಿನ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ರುಕ್ಮಿಣಮ್ಮ ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕುಳಿತು, ಇಲಿಗಳಿಗೆ ಏನಾಯಿತೆಂಬುದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೇನು ಇಲಿ ತೋರಿಸ್ಬೇಕಾಗಿರ್ಲಿಲ್ಲ" ಎಂದಳು.

"ಹೂಂ. ನಾನು ನಿನ್ ಮಾತು ಕೇಳ್ಳಿಲ್ಲ. ನಾನು ಕೇಳಿದ್ದಿದ್ರೆ ಮಗು..."

"ಬುಡಿ."

ಮರುದಿನ ಅವಳು ಕೆ.ಆರ್. ನಗರದ ಅಕ್ಕನ ಮನೆಗೆ ಹೊರಟುಹೋದಳು. ಕಂಠಪ್ಪ ಕರೆಯಲು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ತಾನೇ ಅನ್ನ ಬೇಯಿಸಿಕೊಂಡು ಕೆಲಸಕ್ಕೆ ಹೋಗಿ ಬಂದ. ಒಂಬತ್ತನೇ ದಿನ ಸಂಜೆ ಅವನು ಬಸ್ಸಿಳಿದು ಬಂದಾಗ ಬಾಗಿಲು ತೆರೆದಿತ್ತು. ರುಕ್ಮಿಣಮ್ಮ ಕೂತಿದ್ದಳು, ತಂದ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ.

"ಕುಂತ್ಕಳಿ. ಒಂದ್ ಮಾತೇಳ್ಬೇಕು" ಎಂದಳು. "ರಾಣಿ ಮಾತ್ರೆ ನುಂಗ್ತಿರ್ಲಿಲ್ಲ ದಿನಾ. ನಿಮ್ ಮುಂದೆ ನಾಲ್ಗೆ ಕೆಳಗಿಟ್ಕಂಡು, ಹಿತ್ಲಿಗೋಗಿ ಉಗೀತಿದ್ಲು. ನಾನು ನೋಡ್ದೇ ಇರೋಳಂಗೆ ಸುಮ್ಕಿರ್ತಿದ್ದೆ."

ಆ ಹೆಸರನ್ನು ಅವಳ ಬಾಯಲ್ಲಿ ಕಂಠಪ್ಪ ಕೇಳಿದ್ದು ಹತ್ತು ವರ್ಷದ ಮೇಲೆ.

"ಕಡೇ ದಿನ ಸಂಜೆನೂ ಉಗುದ್ಲು. ಅಷ್ಟ್ರಲ್ಲಿ ನೀವು ಹಿತ್ಲ ಬಾಗ್ಲತ್ರ ಬಂದ್ರಿ. ನಂಗೆ ದಿಗ್ಲಾಗೋಯ್ತು. ಆ ಮಾತ್ರೇನ ನೆಲದಿಂದ ಎತ್ತಿ, ಸೆರಗಲ್ಲಿ ಒರಸಿ, ಮೂಗಿಡ್ದು ನುಂಗಿಸ್ಬುಟ್ಟೆ. ಬ್ಯಾಡ ಅವ್ವ, ಬ್ಯಾಡ ಅವ್ವ ಅಂತಿತ್ತು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಪ್ಪೆಲ್ಲ ನಿಮ್ಮೊಬ್ರ ಮೇಲೇ ಆಕಕ್ಕೆ ಆಗಕಿಲ್ಲ ನಂಗೆ. ಅದ್ಕೇ ಬಂದೆ."

"ಅದು ನನ್ನ ಭಯಕ್ಕೆ ಮಾಡಿದ್ದು ಕಣೆ" ಎಂದ ಕಂಠಪ್ಪ.

"ಹೂಂ" ಎಂದಳು ಅವಳು. "ನಿಮ್ಮ ಭಯಕ್ಕೇ. ಆದ್ರೂ ಕೈ ನಂದು."

ಅವನಿಗೆ ಅವಳ ಕೈ ಹಿಡಿಯಬೇಕೆನಿಸಿತು. ಹಿಡಿಯುವ ಧೈರ್ಯ ಬರಲಿಲ್ಲ. ಎದ್ದು ಒಲೆ ಹಚ್ಚಿ, ಇಬ್ಬರಿಗೂ ಕಾಫಿಗೆ ನೀರಿಟ್ಟ.